ಸೆನ್ಸರ್ ಜೋಡಿಸುವ ಮೊದಲು ಸಮಯದ ಲೆಕ್ಕ

ಸಮುದ್ರತಳದ ಆಳ ಅಳೆಯುವ ಸರ್ವೆ ಹಡಗಿನ ಎಲ್ಲ ಸೆನ್ಸರ್‌ಗಳನ್ನೂ ಒಂದೇ ಈಥರ್‌ನೆಟ್‌ಗೆ ಜೋಡಿಸಿದರೆ ಡೇಟಾ ತಾನಾಗಿಯೇ ಹೊಂದಿಕೊಳ್ಳುತ್ತದೆ ಎಂದು ನಾನು ಓದಿದ ಲೇಖನವೊಂದು ಹೇಳುತ್ತದೆ; ಆ ಮಾತನ್ನು ಒಪ್ಪಲಾರೆ. ತೊಂದರೆ ಶುರುವಾಗುವುದೇ ಅಲ್ಲಿಂದ. ನೆಟ್‌ವರ್ಕ್‌ನಲ್ಲಿ ಪ್ಯಾಕೆಟ್‌ಗಳು ಒಂದೇ ಸಮನಾಗಿ ಬಂದು ತಲುಪುವುದಿಲ್ಲ. ಹಡಗು ಸೆಕೆಂಡಿಗೆ 5 ಡಿಗ್ರಿಯಂತೆ ಪಕ್ಕಕ್ಕೆ ಹೊರಳುವಾಗ, ಅದರ ಓಲಾಟ ಅಳೆಯುವ ಮೋಷನ್ ಸೆನ್ಸರ್‌ನ ಮಾಹಿತಿ 100 ಮಿಲಿಸೆಕೆಂಡ್ ತಡವಾದರೂ ಅರ್ಧ ಡಿಗ್ರಿ ತಪ್ಪು. 100 ಮೀಟರ್ ಆಳದಲ್ಲಿ, ನೇರ ಕೆಳಮುಖ ರೇಖೆಯಿಂದ 60 ಡಿಗ್ರಿ ಓರೆಯಾಗಿ ಹೋಗುವ ಮಲ್ಟಿಬೀಮ್ (ಹಲವು ಶಬ್ದ ಕಿರಣಗಳಿಂದ ಆಳ ಅಳೆಯುವ ಸೋನಾರ್) ಕಿರಣಕ್ಕೆ ಅದು ಸುಮಾರು ಒಂದೂವರೆ ಮೀಟರ್ ಆಳದ ವ್ಯತ್ಯಾಸ! 15 ಮೀಟರಿನ ಬಂದರು ಕಾಲುವೆಯಲ್ಲೂ 20 ಸೆಂಟಿಮೀಟರ್ ದಾಟುತ್ತದೆ. ಹಡಗಿನ ತಳ ನೆಲಕ್ಕೆ ತಾಗುತ್ತದೋ ಇಲ್ಲವೋ ಎಂದು ನೋಡುವವರಿಗೆ ಇದು ಸಣ್ಣದಲ್ಲ.

ಜಿಪಿಎಸ್‌ನ ಪಿಪಿಎಸ್ ಪಲ್ಸ್ (ಸೆಕೆಂಡಿಗೊಮ್ಮೆ ಬರುವ ನಿಖರ ಸಂಕೇತ) ಅಥವಾ ಪಿಟಿಪಿಯಿಂದ (ನೆಟ್‌ವರ್ಕ್ ಮೂಲಕ ಗಡಿಯಾರಗಳನ್ನು ಹೊಂದಿಸುವ ವಿಧಾನ) ಸಮಯ ಪಡೆದು, ಅಳತೆಯಾದ ಕ್ಷಣದಲ್ಲೇ ಆಯಾ ಉಪಕರಣವೇ ಸಮಯ ನಮೂದಿಸಬೇಕು. ಕಂಪ್ಯೂಟರ್‌ಗೆ ತಲುಪಿದ ಹೊತ್ತನ್ನು ನಂಬಬಾರದು.

ಉಪಕರಣಗಳ ನಿಯಂತ್ರಣದ್ದೂ ಹಾಗೆಯೇ. ಮಲ್ಟಿಬೀಮ್, ಸಬ್‌-ಬಾಟಮ್ ಪ್ರೊಫೈಲರ್ (ಸಮುದ್ರತಳದ ಕೆಳಗಿನ ಪದರಗಳನ್ನು ನೋಡುವ ಉಪಕರಣ), ಎಡಿಸಿಪಿ (ನೀರಿನ ಹರಿವು ಅಳೆಯುವ ಉಪಕರಣ) ತಮ್ಮ ಪಾಡಿಗೆ ಪಿಂಗ್ ಮಾಡಿದರೆ, ಅಂದರೆ ಶಬ್ದದ ಮಿಡಿತ ಬಿಟ್ಟರೆ, ಒಂದರ ಶಬ್ದ ಇನ್ನೊಂದರ ದಾಖಲೆಯಲ್ಲಿ ಗೆರೆಗಳಾಗಿ ಮೂಡಬಹುದು. ಸೆಟ್ಟಿಂಗ್ ಬದಲಿಸಲು ನೆಟ್‌ವರ್ಕ್ ಸಾಕು. ಪಿಂಗ್ ಸರದಿಗೆ ಮಾತ್ರ ನಾನು ಯಾವ ಉಪಕರಣ ಯಾವಾಗ ಪಿಂಗ್ ಮಾಡಬೇಕೆಂದು ಸೂಚಿಸುವ ಪ್ರತ್ಯೇಕ ಟ್ರಿಗರ್ ತಂತಿಯನ್ನೇ ಕೇಳುತ್ತೇನೆ. ಲೇಖನದ ಚಿತ್ರದಲ್ಲಿ ಎಲ್ಲ ಉಪಕರಣಗಳಿಗೂ ಒಂದೇ ಸಮಯ ಕೊಡುವ ಟೈಮ್ ಸರ್ವರೂ ಇಲ್ಲ, ಆ ತಂತಿಯೂ ಇಲ್ಲ.