ಎಲ್ಡೇ ನಿಮಿಷದ ಜಾಕಿ

ಬೆಳಿಗ್ಗೆ ಎದ್ದು ನೋಡಿದರೆ ಗೊಬ್ಬರ ತುಂಬಿದ್ದ ಟ್ರೇಲರ್ ಕೆಸರಿಗೆ ಮೂತಿ ಊರಿ ಅಡ್ಡಬಿದ್ದಿತ್ತು. ರಾತ್ರಿ ಮಳೆಗೆ, ಮೂತಿಯಡಿ ಕೊಟ್ಟಿದ್ದ ಕಲ್ಲು ಜಾರಿದೆ. ಕಲ್ಲು ಯಾಕೆ ಅಂದರೆ, ಟ್ರೇಲರಿಗೇ ಇದ್ದ ಸ್ಕ್ರೂ ಜಾಕಿಯ ಕಾಲನ್ನು ಮೇಲೆತ್ತದೆ ಟ್ರ್ಯಾಕ್ಟರ್ ಓಡಿಸಿ, ಅದನ್ನು ಕುಡುಗೋಲಿನ ಹಾಗೆ ಬಗ್ಗಿಸಿದ ಮಹಾನುಭಾವರೊಬ್ಬರು ನಮ್ಮನೆಯಲ್ಲಿದ್ದಾರೆ. ನಾನೇ. ಅಪ್ಪನಿಗೆ ಇನ್ನೂ ಹೇಳಿಲ್ಲ.

ತಮ್ಮ ಕಾರಿನ ಕತ್ತರಿ ಜಾಕಿ ತಂದ. ಮಡಚಿದರೆ ಗೇಣೆತ್ತರವೂ ಇಲ್ಲ, ಅಡಿಗೆ ಸಲೀಸಾಗಿ ತೂರಿತು. ನಾಲ್ಕು ಸುತ್ತು ತಿರುಗಿಸುವಷ್ಟರಲ್ಲಿ ಸೊಂಟ ಓರೆ ಮಾಡಿತು. ಕಾರಿನ ಒಂದು ಚಕ್ರ ಎತ್ತುವುದಕ್ಕೆ ಹುಟ್ಟಿದ್ದು, ಪಾಪ.

ಉಳಿದದ್ದು ನನ್ನ 10 ಟನ್ನಿನ ಬಾಟಲ್ ಜಾಕಿ. ಅದನ್ನು ಪಕ್ಕದ ಮನೆಯವನು 'ಎಲ್ಡೇ ನಿಮಿಷ ಕಣಣ್ಣ' ಅಂತ ಒಯ್ದು ಮೂರು ತಿಂಗಳು. ಕೇಳಿದ್ದಕ್ಕೆ ತಕ್ಷಣ ತಂದುಕೊಟ್ಟ. ರಾಡಿಲ್ಲ.

"ರಾಡೆಲ್ಲಯ್ಯ?"

"ಇಲ್ಲೇ ಅದೆ ಕಣಣ್ಣ."

ಇತ್ತು. ಅವನ ಹಿತ್ತಲಲ್ಲಿ, ನೆಲಕ್ಕೆ ಹೊಡೆದು, ಮೇಕೆ ಕಟ್ಟಿದ್ದ! ರಾಡಿಲ್ಲದ ಬಾಟಲ್ ಜಾಕಿ ಬರೀ ಎಣ್ಣೆ ತುಂಬಿದ ಚೊಂಬು. ಎಣ್ಣೆ ಪಂಪು ಮಾಡಿ ಎತ್ತುವುದಕ್ಕೂ ಅದೇ ಬೇಕು, ತುದಿಯ ಕಚ್ಚನ್ನು ವಾಲ್ವಿಗೆ ಸಿಕ್ಕಿಸಿ ಸಡಿಲಿಸಿ ಇಳಿಸುವುದಕ್ಕೂ ಅದೇ. ಆ ಕಚ್ಚಿನ ತುದಿಯನ್ನೇ ಮೇಲೆ ಮಾಡಿ ಸುತ್ತಿಗೆಯಲ್ಲಿ ಬಡಿದಿದ್ದಾನೆ; ಒಣಗಿದ ದಾಸವಾಳದ ಹಾಗೆ ಅರಳಿಕೊಂಡಿದೆ. ಮೇಕೆ ನನ್ನನ್ನೇ ನೋಡುತ್ತಾ ಮೆಲುಕು ಹಾಕುತ್ತಿತ್ತು. ಅದರ ಮುಖದಲ್ಲೂ 'ಎಲ್ಡೇ ನಿಮಿಷ'.

ಇಷ್ಟಾದ ಮೇಲೆ ಜಾಕಿ ತಂದು ಇಟ್ಟರೆ ಅಡಿಗೆ ಹಿಡಿಯುತ್ತಿಲ್ಲ. ಮೂತಿ ನೆಲದಲ್ಲಿದೆ, ಜಾಕಿಯೇ ಒಂದು ಗೇಣು ಎತ್ತರ. ಮಲಗಿಸೋಣ ಅಂದ ತಮ್ಮ. ಮಲಗಿಸಿದರೆ ಎಣ್ಣೆಯ ಬದಲು ಗಾಳಿ ಎಳೆದುಕೊಂಡು ಸುಮ್ಮನಾಗುತ್ತದೆ. ಗುದ್ದಲಿಯಲ್ಲಿ ಗುಂಡಿ ತೋಡಿ, ಹಲಗೆ ಹಾಕಿ, ಅದರ ಮೇಲೆ ನಿಲ್ಲಿಸಬೇಕು. ತೋಡುವವನು ನಾನು, ಸಲಹೆ ಕೊಡುವುದಕ್ಕೆ ಅರ್ಧ ಊರು.

ತಾತನ ಎತ್ತಿನ ಗಾಡಿ ನೆನಪಾಯಿತು. ಎತ್ತು ಬಿಚ್ಚಿ, ಮೂಕಿಗೆ ಒಂದು ಕವೆಕೋಲು ಆನಿಸಿದರೆ ಮುಗಿಯಿತು. ಆ ನೆರಳಲ್ಲಿ ನಾವು ಮಲಗುತ್ತಿದ್ದೆವು, ತಾತ ಎಲೆ ಅಡಿಕೆ ಹಾಕುತ್ತಿದ್ದರು. ಆ ಕೋಲನ್ನು ಯಾರೂ ಸಾಲ ಕೇಳಿದ್ದು ನೋಡಿಲ್ಲ.

ರಾಡು ಕಿತ್ತುಕೊಂಡು ಬಂದಿದ್ದೆನಲ್ಲ, ಹಿಂದೆಯೇ ಅವನೂ ಬಂದ, ಮೇಕೆ ಹಗ್ಗ ಹಿಡಿದುಕೊಂಡು.

"ಅಣ್ಣ, ನಿಮ್ಮನೇಲಿ ಒಂದು ಗೂಟ ಇದ್ರೆ ಕೊಡಣ್ಣ. ಎಲ್ಡೇ ನಿಮಿಷ."