ಇದರಿಂದ ಜನಕ್ಕೆ ಏನಮ್ಮಾ ಉಪಯೋಗ?

ಇವತ್ತು ನಮ್ಮ ಹಾಸನದ ಕಾಲೇಜೊಂದರ ವಿಜ್ಞಾನ ಮೇಳಕ್ಕೆ ಹೋಗಿದ್ದೆ. ತಲೆ ಕೆಟ್ಟಿದೆ. ಬರೆಯದಿದ್ದರೆ ನಿದ್ದೆ ಬರಲ್ಲ.

ಬಿಎಸ್ಸಿ ಹುಡುಗಿಯೊಬ್ಬಳು ಎಲ್‌ಗ್ಯಾಡ್ ಅನ್ನುವ ಸಿಲಿಕಾನ್ ಸೆನ್ಸರ್ ಬಗ್ಗೆ ಪೋಸ್ಟರ್ ಮಾಡಿದ್ದಳು. ಸುಮಾರು 50 ಮೈಕ್ರಾನ್ ದಪ್ಪದ ಪದರ. ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ಪಿಕೋಸೆಕೆಂಡ್; ಪರಮಾಣುವಿಗಿಂತ ಚಿಕ್ಕ ಕಣ ಹಾದುಹೋದ ಹೊತ್ತನ್ನು ಇದು ಸುಮಾರು 30 ಪಿಕೋಸೆಕೆಂಡಿನಷ್ಟು ನಿಖರವಾಗಿ ಹೇಳಿಬಿಡುತ್ತದೆ. ಅಷ್ಟರಲ್ಲಿ ಬೆಳಕೇ ಬರೀ 9 ಮಿಲಿಮೀಟರ್ ಹೋಗುತ್ತದೆ ಕಣ್ರೀ! ತೀರ್ಪುಗಾರರು ಪೋಸ್ಟರ್ ಪೂರ್ತಿ ಓದಲೂ ಇಲ್ಲ. ‘ಇದರಿಂದ ಜನಕ್ಕೆ ಏನಮ್ಮಾ ಉಪಯೋಗ?’ ಅಂದರು, ಮುಂದೆ ಹೋದರು. ಬಹುಮಾನ ಸಿಕ್ಕಿದ್ದು ಕೈ ತೋರಿಸಿದರೆ ಬಾಯಿ ತೆರೆಯುವ ಕಸದ ಡಬ್ಬಿಗೆ. ಪ್ರತಿ ವರ್ಷ ಅದೇ ಡಬ್ಬಿ, ಬಣ್ಣ ಮಾತ್ರ ಬೇರೆ.

ಅವಳು ಎಷ್ಟು ಚೆನ್ನಾಗಿ ಹೇಳುತ್ತಿದ್ದಳು ಗೊತ್ತಾ? ಜಿನೀವಾ ಹತ್ತಿರದ ಕಣ ಸಂಶೋಧನಾ ಕೇಂದ್ರ ಸರ್ನ್‌ನಲ್ಲಿ ಪ್ರೋಟಾನ್‌ಗಳನ್ನು ಡಿಕ್ಕಿ ಹೊಡೆಸುವ ಯಂತ್ರ ಇದೆ, ಆ ಕೊಲೈಡರ್‌ಗೆ ಇನ್ನಷ್ಟು ಬಲ ತುಂಬುತ್ತಿದ್ದಾರೆ. ಆಮೇಲೆ 25 ನ್ಯಾನೋಸೆಕೆಂಡಿಗೊಮ್ಮೆ ಪ್ರೋಟಾನ್ ಗುಂಪುಗಳು ಎದುರಾದಾಗ, ಒಂದೇ ಸಲಕ್ಕೆ 200ರವರೆಗೂ ಡಿಕ್ಕಿ. ಹಾಸನಾಂಬೆ ದರ್ಶನದ ನೂಕುನುಗ್ಗಲಿನ ಒಂದು ಫೋಟೊ ನೋಡಿ, ಯಾರು ಯಾರ ಜೊತೆ ಬಂದವರು ಅಂತ ಹೇಳಿ ನೋಡೋಣ. ಒಬ್ಬೊಬ್ಬರು ಒಳಗೆ ಬಂದ ಹೊತ್ತು ಗೊತ್ತಿದ್ದರೆ ಬಿಡಿಸಬಹುದು. ಡಿಕ್ಕಿಯಲ್ಲಿ ಹುಟ್ಟಿದ ಕಣಗಳ ಕತೆಯೂ ಹಾಗೇ. ಅದಕ್ಕೇ ಡಿಕ್ಕಿಗಳನ್ನು ಗಮನಿಸುವ ಅಲ್ಲಿನ ದೊಡ್ಡ ಉಪಕರಣಗಳಾದ ಅಟ್ಲಾಸ್, ಸಿಎಂಎಸ್ ಎರಡಕ್ಕೂ ಈ ಸೆನ್ಸರ್ ಬೇಕು. ಸೆನ್ಸರ್ ಒಳಗಿನ ಬೋರಾನ್ ಬೆರೆಸಿದ ತೆಳು ಪದರ ಸಂಕೇತವನ್ನು ಹತ್ತಾರು ಪಟ್ಟು ಹೆಚ್ಚಿಸುತ್ತದೆ. ವಿಕಿರಣದ ಹೊಡೆತಕ್ಕೆ ಆ ಬೋರಾನ್ ಸೋತುಹೋಗುತ್ತದೆ, ಇಂಗಾಲ ಬೆರೆಸಿದರೆ ಜಾಸ್ತಿ ಬಾಳುತ್ತದೆ. ಇದೆಲ್ಲ ಪೋಸ್ಟರಲ್ಲಿತ್ತು. ಓದಬೇಕಿತ್ತು ಅಷ್ಟೇ.

ಕ್ಯಾನ್ಸರ್ ಪತ್ತೆಗೆ ಬಳಸುವ ಪೆಟ್ ಸ್ಕ್ಯಾನ್‌ನಲ್ಲೂ ಪಿಕೋಸೆಕೆಂಡಿನ ಲೆಕ್ಕ ಇದೆ, ಕ್ಯಾನ್ಸರ್ ಹೆಸರು ಹೇಳಿದ್ದರೆ ಬಹುಮಾನ ಬರುತ್ತಿತ್ತೇನೋ. ಯಾಕೆ ಹೇಳಬೇಕು? ಜಗತ್ತು ಯಾವುದರಿಂದ ಆಗಿದೆ ಅಂತ ತಿಳಿಯೋ ಆಸೆ ಸಾಲದಾ?

‘ಆಲೂರು, ಸಕಲೇಶಪುರದ ಕಡೆ ಆನೆ ಕಾಟ, ನಿಮಗೆ ಪ್ರೋಟಾನ್ ಚಿಂತೆಯಾ ಮೇಡಂ?’ ಅಂತ ಯಾರಾದರೂ ಕೇಳೇ ಕೇಳುತ್ತೀರಿ. ಆನೆ ಕಾಟ ನಿಜ. ಸೆನ್ಸರ್ ಮಾಡೋದು ಬಿಟ್ಟರೆ ಆನೆ ತೋಟ ಬಿಡುತ್ತಾ? ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಇರೋ ಊರು ನಮ್ಮದು. ನೆಂಟರು ಬಂದಾಗ ಅದರ ಹೆಸರು ಹೇಳಿ ಬೀಗುತ್ತೇವೆ, ಆಗ ಉಪಯೋಗದ ಪ್ರಶ್ನೆ ಬಾಯಿಗೇ ಬರಲ್ಲ!

ಭಾರತ 2017ರಿಂದ ಸರ್ನ್‌ನ ಸಹ ಸದಸ್ಯ ದೇಶ. ಈ ಹುಡುಗಿ ಅಲ್ಲಿಗೆ ಹೋಗೋದು ಕನಸಿನ ಮಾತೇನೂ ಅಲ್ಲ. ಆದರೆ ಅವಳು ಪೋಸ್ಟರ್ ಸುತ್ತಿಕೊಳ್ಳುತ್ತಾ, ‘ಮುಂದಿನ ಸಲ ನಾನೂ ಡಬ್ಬಿ ಮಾಡ್ತೀನಿ ಬಿಡಿ ಮಿಸ್’ ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಮೇಳ ನಡೆಸುವವರೇ, ಮುಂದಿನ ವರ್ಷ ತೀರ್ಪಿಗೆ ನನ್ನನ್ನು ಕರೆಯಿರಿ. ಹಾರ ಬೇಡ, ಶಾಲು ಬೇಡ. ಪೋಸ್ಟರ್ ಓದುತ್ತೇನೆ.