ತುಟ್ಟಿಭತ್ಯೆ ಸರ್ಕಾರಿ ನೌಕರರಿಗೆ ಮಾತ್ರಾನಾ? ಸತ್ಯಾಂಶ

‘ತುಟ್ಟಿಭತ್ಯೆ ಸರ್ಕಾರಿ ನೌಕರರಿಗಷ್ಟೇ, ಖಾಸಗಿಯಲ್ಲಿ ಮಾಲೀಕರು ಮನಸ್ಸು ಮಾಡಿದ್ರೆ ಉಂಟು’ ಅಂತ ಒಂದು ಫಾರ್ವರ್ಡ್ ಓಡಾಡ್ತಿದೆ. ಇದು ತಪ್ಪು.

ಕರ್ನಾಟಕದ ಕನಿಷ್ಠ ವೇತನದಲ್ಲಿ ಎರಡು ಭಾಗ ಇವೆ: ಮೂಲ ವೇತನ, ತುಟ್ಟಿಭತ್ಯೆ. ಮೂಲ ವೇತನದ ಪರಿಷ್ಕರಣೆಗೆ ವರ್ಷಗಳೇ ಹಿಡಿಯುತ್ತವೆ. ತುಟ್ಟಿಭತ್ಯೆ ಹಾಗಲ್ಲ, ಅಕ್ಕಿ, ಬೇಳೆ, ಮನೆ ಬಾಡಿಗೆ ಎಲ್ಲ ಸೇರಿಸಿ ಲೆಕ್ಕ ಹಾಕುವ ಗ್ರಾಹಕ ಬೆಲೆ ಸೂಚ್ಯಂಕ ಏರಿದ ಹಾಗೆ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವರಿಗೂ ಇದು ಹಕ್ಕು, ಬಕ್ಷೀಸು ಅಲ್ಲ.

2020ರ ಏಪ್ರಿಲ್‌ನಿಂದ ಈ ಗಾರ್ಮೆಂಟ್ಸ್ ಕಾರ್ಮಿಕರ ತುಟ್ಟಿಭತ್ಯೆಗೆ ತಿಂಗಳಿಗೆ ಸೇರಬೇಕಿದ್ದದ್ದು ಬರೀ 417 ರೂಪಾಯಿ. ಕೋವಿಡ್ ಅಂತ ಸರ್ಕಾರ ಅದನ್ನೂ ಮುಂದೂಡಿತು. ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಆಮೇಲೂ ಹಲವು ಫ್ಯಾಕ್ಟರಿಗಳು ಬಾಕಿ ಉಳಿಸಿಕೊಂಡವು, ಕೊಟ್ಟಿದ್ದು ತುಂಬಾ ತಡವಾಗಿ. ಸುಮ್ನೆ ಫಾರ್ವರ್ಡ್ ಮಾಡೋ ಬದಲು ನಿಮ್ಮ ವೇತನ ಚೀಟಿ ತೆಗೆದು ತುಟ್ಟಿಭತ್ಯೆಯ ಸಾಲು ಇದೆಯಾ ನೋಡಿ.